ಮೇಷ್ಟರ ಬೇಸಿಗೆ ವ್ಯಾಸಂಗ

(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಬಿತ್ತನೆ ಬೀಜ, ಗೊಬ್ಬರ, ಸಹಕಾರ ಸಂಘದ ಸಾಲ ಇವುಗಳ ಮಾತು ನಡೆಯುವುದು ವಾಡಿಕೆ. ಇಂದು ನಾನು ನಿಮ್ಮ ಊರ ಶಾಲೆಯ ಉಪಾಧ್ಯಾಯರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಅದರಲ್ಲೂ ಅವರು ಬೇಸಿಗೆ ರಜದಲ್ಲಿ ಮಾಡುವ, ಅಥವಾ ಮಾಡಬೇಕಾದ, ವ್ಯಾಸಂಗದ ವಿಷಯ. ಮೇಷ್ಟರು ರಜದಲ್ಲಿ ಓದಿದರೆಷ್ಟು, ಬಿಟ್ಟರೆಷ್ಟು, ನಮಗೇನು ಎಂದು ಯಾರೂ ಎದ್ದು ಹೋಗಬೇಡಿ. ನಿಮ್ಮ ಮಗನೋ ಮಗಳೋ ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಲೆಕ್ಕವೆಂದರೆ ಹೆದರುತ್ತಾರೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಮೊದಲು ನಿಮ್ಮ ದೂರನ್ನೇ ತೆಗೆದುಕೊಳ್ಳೋಣ. ಊರೂರಿನಲ್ಲಿ ಕೇಳಿಬರುವ ಮಾತು ಇದು: “ಮೇಷ್ಟರು ತರಬೇತಿಗೆ ಹೋಗಿದ್ದಾರೆ, ಮಕ್ಕಳು ಶಾಲೆಯಲ್ಲಿ ಗದ್ದಲ ಹಾಕುತ್ತ ಕೂತಿವೆ.” ಇದು ನ್ಯಾಯವಾದ ದೂರು. ಇಬ್ಬರೇ ಉಪಾಧ್ಯಾಯರಿರುವ ಶಾಲೆಯಿಂದ ಜುಲೈ ತಿಂಗಳಲ್ಲಿ ಒಬ್ಬರನ್ನು ಐದು ದಿನ ಕರೆದುಕೊಂಡು ಹೋದರೆ, ಅರ್ಧ ಶಾಲೆಗೆ ಐದು ದಿನ ಬೀಗ ಹಾಕಿದಂತೆಯೇ ಸರಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕು. ಆ ದಿನಗಳು ಮಕ್ಕಳ ಸೊತ್ತು. ಉಪಾಧ್ಯಾಯರ ಓದಿಗಾಗಿ ಅದರಿಂದ ಕಡ ತೆಗೆಯುವುದು ಸರಿಯಲ್ಲ. ಆದರೆ ಉಪಾಧ್ಯಾಯರು ಓದದೇ ಇರುವುದೂ ಸರಿಯಲ್ಲ. ಉಳಿದದ್ದು ಬೇಸಿಗೆಯೊಂದೇ.

ಏನು ಓದಬೇಕು? ಇಲ್ಲಿ ಒಂದು ಲೆಕ್ಕ ಕೇಳುತ್ತೇನೆ, ಮನಸ್ಸಿನಲ್ಲೇ ಮಾಡಿ. ಒಂದೂ ಮುಕ್ಕಾಲು ಎಕರೆ ಹೊಲವಿದೆ. ಅದನ್ನು ಅರ್ಧರ್ಧ ಎಕರೆಯ ತಾಕುಗಳಾಗಿ ಮಾಡಿದರೆ ಎಷ್ಟು ತಾಕು ಆಗುತ್ತವೆ? ಕೂತವರಲ್ಲಿ ಅನೇಕರಿಗೆ ಆಗಲೇ ಉತ್ತರ ಬಂದಿರಬೇಕು. ಒಂದೂ ಮುಕ್ಕಾಲು ಎಕರೆಯೆಂದರೆ 70 ಗುಂಟೆ. ಅರ್ಧ ಎಕರೆಯೆಂದರೆ 20 ಗುಂಟೆ. ಎಪ್ಪತ್ತರಲ್ಲಿ ಇಪ್ಪತ್ತು ಮೂರು ಸಲ ಹೋಗಿ ಹತ್ತು ಗುಂಟೆ ಮಿಗುತ್ತದೆ, ಅದು ಅರ್ಧ ತಾಕು. ಒಟ್ಟು ಮೂರೂವರೆ.

ಶಾಲೆಯಲ್ಲಿ ಇದೇ ಲೆಕ್ಕಕ್ಕೆ ಭಿನ್ನರಾಶಿಯ ಭಾಗಾಕಾರವೆಂದು ಹೆಸರು. ಭಾಗಿಸುವ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು ಎಂದು ಸೂತ್ರ ಹೇಳಿಕೊಡುತ್ತಾರೆ. ಮಗು ಹಾಗೆಯೇ ಮಾಡುತ್ತದೆ, ಉತ್ತರವೂ ಬರುತ್ತದೆ. ಒಂದು ದಿನ ಯಾವುದೋ ಒಂದು ಜಾಣ ಮಗು “ಯಾಕೆ ಸಾರ್ ತಲೆಕೆಳಗು ಮಾಡಬೇಕು?” ಎಂದು ಕೇಳುತ್ತದೆ. ಒಂದೊಂದು ಎಕರೆಯಲ್ಲೂ ಎರಡೆರಡು ಅರ್ಧ ಇರುವುದರಿಂದ ಅರ್ಧದಿಂದ ಭಾಗಿಸುವುದೂ ಎರಡರಿಂದ ಗುಣಿಸುವುದೂ ಒಂದೇ ಎಂದು ಮೇಷ್ಟರು ಹೇಳಬಲ್ಲರಾದರೆ, ಆ ಮಗು ಜನ್ಮದಲ್ಲಿ ಅದನ್ನು ಮರೆಯುವುದಿಲ್ಲ. “ಅದು ಹಾಗೇ, ಸುಮ್ಮನೆ ಕಲಿ” ಎಂದರೆ? ಮಗು ಸುಮ್ಮನಾಗುತ್ತದೆ. ಮುಂದೆ ಕೇಳುವುದನ್ನೂ ಬಿಡುತ್ತದೆ.

ಈ ಲೆಕ್ಕ ನಾನು ಕಟ್ಟಿದ್ದಲ್ಲ. ಲಿಪಿಂಗ್ ಮಾ ಎಂಬ ವಿದ್ವಾಂಸೆ ಅಮೆರಿಕದ 23 ಮಂದಿ, ಚೀನದ 72 ಮಂದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಅರಿವನ್ನು ಹೋಲಿಸಿ 1999ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಒಂದು ಕಥೆ ಹೇಳಿ ಎಂಬುದು ಅದರಲ್ಲಿದ್ದ ಒಂದು ಪ್ರಶ್ನೆ. ಅಮೆರಿಕದವರಲ್ಲಿ ಲೆಕ್ಕಕ್ಕೆ ಕೈ ಹಾಕಿದ 21 ಮಂದಿಯಲ್ಲಿ ಸರಿಯಾಗಿ ಮುಗಿಸಿದವರು 9 ಜನ. ಅರ್ಥಕ್ಕೆ ಹೊಂದುವ ಕಥೆ ಕಟ್ಟಿದವರು ಒಬ್ಬರೇ. ಅನೇಕರು ಅರ್ಧದಿಂದ ಭಾಗಿಸುವುದನ್ನೂ ಎರಡರಿಂದ ಭಾಗಿಸುವುದನ್ನೂ ಒಂದೇ ಎಂದುಕೊಂಡಿದ್ದರು. ಅಣ್ಣತಮ್ಮಂದಿರಿಬ್ಬರು ಆ ಹೊಲವನ್ನು ಹಂಚಿಕೊಂಡರೆ ತಲೆಗೆ 35 ಗುಂಟೆ, ಅದು ಬೇರೆಯೇ ಲೆಕ್ಕ. ಪಾಲುಪಾರಿಕತ್ತು ಬಲ್ಲ ನೀವು ಆ ತಪ್ಪು ಮಾಡಲಾರಿರಿ. ಚೀನದ 72 ಮಂದಿಯೂ ಲೆಕ್ಕವನ್ನು ಸರಿಯಾಗಿ ಮಾಡಿದರು, ಹೆಚ್ಚಿನವರು ಕಥೆಯನ್ನೂ ಸರಿಯಾಗಿ ಹೇಳಿದರು.

ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಅಮೆರಿಕದವರು ಕಾಲೇಜು ಓದಿ ಬಂದವರು. ಚೀನದವರು ಸಾಮಾನ್ಯವಾಗಿ ಒಂಬತ್ತನೆಯ ತರಗತಿಯ ಮೇಲೆ ಎರಡು ಮೂರು ವರ್ಷ ಉಪಾಧ್ಯಾಯರ ಶಾಲೆಯಲ್ಲಿ ಕಲಿತವರು. ಆದರೆ ತಾವು ಪಾಠ ಹೇಳುವ ಪುಸ್ತಕವನ್ನೇ ಅವರು ವರ್ಷ ವರ್ಷವೂ ಒಟ್ಟಿಗೆ ಕೂತು, ಒಬ್ಬರನ್ನೊಬ್ಬರು ಕೇಳಿ, ಬುಡಮಟ್ಟ ಅರಿತುಕೊಂಡಿದ್ದರು. ಆದುದರಿಂದ ಮೇಷ್ಟರ ಹೆಸರಿನ ಮುಂದೆ ಅಕ್ಷರಗಳು ಹೆಚ್ಚಿದ ಮಾತ್ರಕ್ಕೆ ನಿಮ್ಮ ಮಕ್ಕಳಿಗೆ ಲಾಭವೆಂದು ನಾನು ಹೇಳುವುದಿಲ್ಲ. ಬಡ್ತಿಗಾಗಿ ಪದವಿ ಸಂಪಾದಿಸುವುದು ಬೇರೆ, ಪಾಠದ ಬೇರು ಹಿಡಿಯುವುದು ಬೇರೆ. 2005ರಲ್ಲಿ ಹೀದರ್ ಹಿಲ್, ಬ್ರಯನ್ ರೋವನ್, ಡೆಬೊರಾ ಬಾಲ್ ಎಂಬ ಮೂವರು ಅಮೆರಿಕದ ಶಾಲೆಗಳಲ್ಲಿ ಅಳೆದು ತೋರಿಸಿದ್ದು ಇದನ್ನೇ: ಕಲಿಸಲು ಬೇಕಾದ ಗಣಿತದ ಅರಿವು ಉಪಾಧ್ಯಾಯರಲ್ಲಿ ಹೆಚ್ಚಿದ್ದ ಕಡೆ ಮಕ್ಕಳ ಕಲಿಕೆಯೂ ಹೆಚ್ಚಿತ್ತು. ಮೂರನೆಯ ತರಗತಿಯಲ್ಲಷ್ಟೇ ಅಲ್ಲ, ಒಂದನೆಯ ತರಗತಿಯಲ್ಲೂ ಹೀಗೆಯೇ. ಚಿಕ್ಕ ಮಕ್ಕಳಿಗೆ ಯಾರು ಹೇಳಿಕೊಟ್ಟರೂ ಆಯಿತು ಎಂಬ ಮಾತನ್ನು ನಾವು ಬಿಡಬೇಕು.

ಬೇರು ಹಿಡಿಯುವ ಓದಿಗೆ ಬಿಡುವು ಬೇಕು. ಸಂಜೆ ಒಂದು ಗಂಟೆ, ಭಾನುವಾರ ಎರಡು ಗಂಟೆ ಎಂದರೆ ಆಗದು. ಅಂತೆಯೇ ಅನೇಕ ದೇಶಗಳಲ್ಲಿ ಬೇಸಿಗೆಯನ್ನು ಇದಕ್ಕೆ ಮೀಸಲಿಟ್ಟರು. ಅಮೆರಿಕದ ವರ್ಮಾಂಟ್ ಪ್ರಾಂತದ ಬೆಟ್ಟದ ಮೇಲೆ ಬ್ರೆಡ್‌ಲೋಫ್ ಎಂಬಲ್ಲಿ ಮಿಡಲ್‌ಬರಿ ಕಾಲೇಜಿನವರು 1920ರಲ್ಲಿ ಒಂದು ಬೇಸಿಗೆ ಶಾಲೆ ತೆರೆದರು. ಇಂಗ್ಲಿಷ್ ಹೇಳಿಕೊಡುವ ಉಪಾಧ್ಯಾಯರು ಅಲ್ಲಿ ಬೇಸಿಗೆ ಬೇಸಿಗೆಗೂ ಹೋಗಿ, ನಾಲ್ಕೈದು ಬೇಸಿಗೆಯಲ್ಲಿ ಎಂ.ಎ. ಮುಗಿಸುತ್ತಾರೆ. ಸೇವೆ ಬಿಡುವುದಿಲ್ಲ, ಮಕ್ಕಳ ಪಾಠವೂ ತಪ್ಪುವುದಿಲ್ಲ. ನೋಟರ್‌ಡೇಮ್ ವಿಶ್ವವಿದ್ಯಾನಿಲಯದಲ್ಲಿ ಆರ್ನಾಲ್ಡ್ ರಾಸ್ ಎಂಬ ಗಣಿತದ ಪ್ರಾಧ್ಯಾಪಕರು 1947ರಲ್ಲಿ ಶಾಲಾ ಉಪಾಧ್ಯಾಯರಿಗೆಂದೇ ಬೇಸಿಗೆ ವ್ಯಾಸಂಗ ಆರಂಭಿಸಿದರು. ಒಂದು, ಎರಡು, ಮೂರು ಎಂಬ ಪೂರ್ಣ ಸಂಖ್ಯೆಗಳ ಗುಣವನ್ನೇ ಹಿಡಿದು, ಕಂಡದ್ದನ್ನೆಲ್ಲ ಯಾಕೆ, ಹೇಗೆ ಎಂದು ಸಾಧಿಸಿ ತೋರಿಸುವ ಅಭ್ಯಾಸ ಅಲ್ಲಿಯದು. 1957ರಲ್ಲಿ ಹೈಸ್ಕೂಲು ಮಕ್ಕಳನ್ನೂ ಅದಕ್ಕೆ ಸೇರಿಸಿಕೊಂಡರು. ಅದೇ ವರ್ಷ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿಬಿತ್ತು. ಆ ಸರ್ಕಾರದ ವಿಜ್ಞಾನ ಪ್ರತಿಷ್ಠಾನ ಅದಕ್ಕೂ ಮೊದಲೇ ಉಪಾಧ್ಯಾಯರಿಗೆ ಸಣ್ಣದಾಗಿ ಬೇಸಿಗೆ ಶಿಬಿರ ನಡೆಸುತ್ತಿತ್ತು. ಸ್ಪುಟ್ನಿಕ್ ಹಾರಿದ ಮೇಲೆ ಅವು ವರ್ಷಕ್ಕೆ ನೂರಾರು ಆದವು. ಎದುರಾಳಿಯ ಭಯ ಬರುವವರೆಗೆ ಮೇಷ್ಟರ ಓದು ಯಾರ ನೆನಪಿಗೂ ಬರುವುದಿಲ್ಲ. ಇದು ಎಲ್ಲ ದೇಶದ ಕಥೆ.

ನಮ್ಮಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದವರು ಅಮೆರಿಕದ ನೆರವಿನಿಂದ 1963ರ ಬೇಸಿಗೆಯಲ್ಲಿ ಇಂಥ ನಾಲ್ಕು ಶಿಬಿರಗಳನ್ನು ಆರಂಭಿಸಿದರು. ಮುಂದಿನ ವರ್ಷಗಳಲ್ಲಿ ಅವು ಬಹಳವಾಗಿ ಹೆಚ್ಚಿದವು. ಅಲ್ಲಿ ಕಲಿಸಿದ ಪುಸ್ತಕಗಳು ಒಳ್ಳೆಯವೇ, ಆದರೆ ಬಹುಪಾಲು ಅಮೆರಿಕದ ಶಾಲೆಗಳಿಗೆ ಬರೆದವು. ಊರಿಗೆ ಮರಳಿದ ಉಪಾಧ್ಯಾಯರಿಗೆ ಆ ಉಪಕರಣವೂ ಇಲ್ಲ, ಪರೀಕ್ಷೆಯೂ ಹಳೆಯದೇ. ಹೊರಗಿನ ಬೀಜ ತಂದು ನಮ್ಮ ಮಣ್ಣು ನೋಡದೆ ಬಿತ್ತಿದರೆ ಏನಾಗುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಅದೇ 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಸ್ಥಾಪನೆಯಾಯಿತು. ಈಗ ಅದಕ್ಕೆ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಹೆಸರು. ತರಬೇತಿಯಿಲ್ಲದೆ ಕೆಲಸದಲ್ಲಿದ್ದ ಉಪಾಧ್ಯಾಯರಿಗಾಗಿ ಅಲ್ಲಿ 1966ರಿಂದ ಒಂದು ಏರ್ಪಾಡು ನಡೆಯಿತು. ಎರಡು ಬೇಸಿಗೆ ಕಾಲೇಜಿನಲ್ಲಿ, ನಡುವಣ ಹತ್ತು ತಿಂಗಳು ಅಂಚೆಯ ಮೂಲಕ ಪಾಠ, ಹೀಗೆ ಬಿ.ಎಡ್. ಮುಗಿಸುವುದು. ಅದು ಹೆಚ್ಚಾಗಿ ಹೇಗೆ ಕಲಿಸಬೇಕು ಎಂಬುದರ ತರಬೇತಿ. ಏನನ್ನು ಕಲಿಸುತ್ತೇವೆ ಎಂಬುದರ ಆಳ ಬೇರೆ ಮಾತು. ಆದರೂ ಬೇಸಿಗೆ ಮತ್ತು ಅಂಚೆ ಎರಡನ್ನೂ ಹೂಡಿ ನಡೆಸಿದ ಆ ರೀತಿ ಇಂದಿಗೂ ನೆನಪಿಡತಕ್ಕದ್ದು.

ನಾನು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಮಧ್ಯಪ್ರದೇಶದ ಆಗಿನ ಹೋಶಂಗಾಬಾದ್ ಜಿಲ್ಲೆಯ ಸಂಗತಿ. ಅದು ನಿಮ್ಮಂಥವರ ಜಿಲ್ಲೆ, ನರ್ಮದೆಯ ದಡದ ರೈತರ ಜಿಲ್ಲೆ. 1972ರಲ್ಲಿ ಕಿಶೋರ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರ್ಕಾರದ ಒಪ್ಪಿಗೆ ಪಡೆದು ಅಲ್ಲಿಯ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನದ ಪಾಠವನ್ನು ಹೊಸದಾಗಿ ತೊಡಗಿದವು. ಬೇಸಿಗೆಯಲ್ಲಿ ಹಳ್ಳಿಯ ಉಪಾಧ್ಯಾಯರು ಶಿಬಿರಕ್ಕೆ ಬರುವುದು. ಅವರ ಜೊತೆ ಕೂರಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ, ದಿಲ್ಲಿ ವಿಶ್ವವಿದ್ಯಾನಿಲಯದಿಂದ ವಿಜ್ಞಾನಿಗಳು ಬರುವುದು. ಮಕ್ಕಳು ಮಾಡಬೇಕಾದ ಪ್ರಯೋಗವನ್ನೆಲ್ಲ ಉಪಾಧ್ಯಾಯರೇ ಮೊದಲು ಕೈಯಾರೆ ಮಾಡಿ ನೋಡುವುದು. ಬೀಜ ಮೊಳೆಯುವುದು, ಹೂವಿನ ಒಳಗು, ಮಣ್ಣು, ನೀರು ಎಲ್ಲವೂ ಹಳ್ಳಿಯಲ್ಲಿ ಸಿಗುವ ಸಾಮಗ್ರಿಯಿಂದಲೇ. ಭಾಷಣ ಕಡಿಮೆ, ಪ್ರಶ್ನೆ ಹೆಚ್ಚು.

ಬೇಸಿಗೆ ಮುಗಿದ ಮೇಲೆ ಕೈಬಿಡಲಿಲ್ಲ. ಉಪಾಧ್ಯಾಯರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಯಾವ ಪ್ರಶ್ನೆಗೆ ಉತ್ತರ ತೋಚಲಿಲ್ಲ ಎಂದು ಮಾತಾಡಿಕೊಂಡರು. ಪರೀಕ್ಷೆಯನ್ನೂ ಬದಲಿಸಿದರು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಾಗಿತ್ತು, ಏಕೆಂದರೆ ಕೇಳುತ್ತಿದ್ದುದು ಬಾಯಿಪಾಠವನ್ನಲ್ಲ. 1978ರಲ್ಲಿ ಇದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. 1982ರಲ್ಲಿ ಏಕಲವ್ಯ ಎಂಬ ಸಂಸ್ಥೆ ಹುಟ್ಟಿ ಅದನ್ನು ಬೇರೆ ಜಿಲ್ಲೆಗಳಿಗೂ ಕೊಂಡೊಯ್ದಿತು. 2002ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸ ಒಂದು ಆಜ್ಞೆಯಿಂದ ನಿಂತದ್ದು ವಿಷಾದದ ಸಂಗತಿ. ಆದರೆ ಏಳೆಂಟು ತರಗತಿಗೆ ಪಾಠ ಹೇಳುವ ಹಳ್ಳಿಯ ಮೇಷ್ಟರು ವಿಜ್ಞಾನಿಯೊಡನೆ ಸಮಸಮವಾಗಿ ಕೂತು ವಿಜ್ಞಾನ ಕಲಿಯಬಲ್ಲರೆಂಬುದು ಆ ಮೂವತ್ತು ವರ್ಷಗಳಲ್ಲಿ ಸಿದ್ಧವಾಗಿ ಹೋಗಿದೆ.

ಇಂಥ ಓದಿನಿಂದ ಬಂದ ಮೇಷ್ಟರಿಗೂ ಬರೀ ಪುಸ್ತಕ ಓದಿಸುವ ಮೇಷ್ಟರಿಗೂ ಏನು ವ್ಯತ್ಯಾಸ? ನಿಮ್ಮ ಕಸುಬಿನದೇ ಒಂದು ಪ್ರಶ್ನೆ ತೆಗೆದುಕೊಳ್ಳಿ. ಹೊಲದ ಬದುವಿನಲ್ಲಿ ಒಂದು ಹೊಂಗೆ ಮರವಿದೆ. ಅಷ್ಟು ತೂಕದ ಕಟ್ಟಿಗೆ ಎಲ್ಲಿಂದ ಬಂತು? ಮಣ್ಣಿನಿಂದ ಎಂದು ನೂರಕ್ಕೆ ತೊಂಬತ್ತು ಮಂದಿ ಹೇಳುತ್ತೇವೆ. ಹಾಗಾದರೆ ಮರದ ಬುಡದಲ್ಲಿ ಅಷ್ಟೇ ದೊಡ್ಡ ಹಳ್ಳ ಬೀಳಬೇಕಾಗಿತ್ತಲ್ಲವೆ? ಈಗಿನ ಬೆಲ್ಜಿಯಂ ದೇಶದ ಫಾನ್ ಹೆಲ್ಮಾಂಟ್ ಎಂಬಾತ ಸುಮಾರು ನಾನೂರು ವರ್ಷದ ಹಿಂದೆ ಇದನ್ನು ತೂಗಿಯೇ ನೋಡಿದ. ಒಣಗಿಸಿದ 200 ಪೌಂಡು ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ, ಅದರಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟ. (ಕ್ರಿಕೆಟ್ ಬ್ಯಾಟು ಮಾಡುವುದು ಈ ಜಾತಿಯ ಮರದಿಂದ.) ಐದು ವರ್ಷ ನೀರೊಂದನ್ನೇ ಹೊಯ್ದ. ಮರ ಸುಮಾರು 169 ಪೌಂಡು ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಎರಡು ಔನ್ಸು ಮಾತ್ರ, ನಮ್ಮ ಲೆಕ್ಕದಲ್ಲಿ ಅರವತ್ತು ಗ್ರಾಮಿಗೂ ಕಡಿಮೆ. ಆತ ಸತ್ತ ಮೇಲೆ 1648ರಲ್ಲಿ ಇದು ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಆತ ತಿಳಿದ. ಅದೂ ಪೂರ್ತಿ ಸರಿಯಲ್ಲ. ಎಲೆಗಳು ಬಿಸಿಲಿನ ಬಲದಿಂದ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನೀರಿನೊಡನೆ ಕೂಡಿಸಿ ಮರದ ಮೈ ಕಟ್ಟುತ್ತವೆಂದು ತಿಳಿದದ್ದು ಆಮೇಲೆ. ಒಣಗಿಸಿದ ಗಿಡದ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ಗಾಳಿಯಿಂದಲೂ ನೀರಿನಿಂದಲೂ ಬಂದದ್ದು.

ಇಷ್ಟು ಹೇಳಿದೊಡನೆ ರೈತನ ಮಗ ಕೇಳಬೇಕಾದ ಪ್ರಶ್ನೆ ಒಂದುಂಟು: “ಹಾಗಾದರೆ ನಮ್ಮಪ್ಪ ಗೊಬ್ಬರ ಯಾಕೆ ಹಾಕುತ್ತಾರೆ ಸಾರ್?” ಪುಸ್ತಕದಲ್ಲಿರುವಷ್ಟನ್ನೇ ಬಲ್ಲವರು ಇಲ್ಲಿ ತಡವರಿಸುತ್ತಾರೆ. ಬಲ್ಲ ಮೇಷ್ಟರಿಗೆ ಈ ಪ್ರಶ್ನೆಯೇ ಹಬ್ಬ. ಆ ಎರಡು ಔನ್ಸು ಸಾರಿಗೆ ಹಾಕುವ ಉಪ್ಪಿನಂತೆ. ತೂಕದಲ್ಲಿ ಅಲ್ಪ, ಅದಿಲ್ಲದೆ ಅಡಿಗೆಯಿಲ್ಲ. ಸಾರಜನಕ, ರಂಜಕ, ಪೊಟ್ಯಾಷು ಇವು ಮಣ್ಣಿನಲ್ಲಿ ಸಾಲದೆ ಹೋದರೆ ಎಲೆಯ ಕಾರ್ಖಾನೆ ನಿಲ್ಲುತ್ತದೆ. ಅಲ್ಲಿಂದ ಮೇಷ್ಟರು ಮಕ್ಕಳನ್ನು ಪಕ್ಕದ ಹೊಲಕ್ಕೆ ಕರೆದೊಯ್ದು, ಹೂವಿಗೆ ಬಂದ ಅಲಸಂದೆ ಗಿಡವೊಂದನ್ನು ಬೇರುಸಹಿತ ಮೆಲ್ಲಗೆ ಎಬ್ಬಿಸಿ, ಬೇರಿನ ಗಂಟನ್ನು ಉಗುರಿನಿಂದ ಸೀಳಿ ತೋರಿಸುತ್ತಾರೆ. ಒಳಗೆ ನಸುಗೆಂಪಾಗಿದ್ದರೆ ಆ ಗಂಟಿನಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದು ಅರ್ಥ. ಬಿಳಿಚಿಕೊಂಡೋ ಹಸಿರಾಗಿಯೋ ಇದ್ದರೆ ಕೆಲಸ ನಡೆಯುತ್ತಿಲ್ಲ. ಇದನ್ನು ಕಂಡ ಹುಡುಗ ಸಂಜೆ ಮನೆಗೆ ಬಂದು ನಿಮಗೇ ಹೇಳುತ್ತಾನೆ. ಒಂದು ಶಾಲೆಯ ಪಾಠ ಊರಿನ ಹೊಲಕ್ಕೆ ಇಳಿಯುವುದು ಹೀಗೆ.

ಇನ್ನು ನಮ್ಮ ಈಗಿನ ಸ್ಥಿತಿ. ಕೊಠಾರಿ ಆಯೋಗ (1964–66) ಪ್ರತಿ ಉಪಾಧ್ಯಾಯರಿಗೂ ಐದು ವರ್ಷಕ್ಕೊಮ್ಮೆಯಾದರೂ ಎರಡು ಮೂರು ತಿಂಗಳ ಓದು ಸಿಗಬೇಕೆಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ಎಂದು ಹೇಳುತ್ತದೆ. ದಿನಕ್ಕೆ ಆರು ಗಂಟೆಯಂತೆ ಎಂಟು ದಿನ ಚಿಲ್ಲರೆ. ಅದನ್ನು ಒಂದು ದಿನ ಇಲ್ಲಿ, ಎರಡು ದಿನ ಅಲ್ಲಿ ಎಂದು ಚೂರು ಮಾಡಿ, ಯೋಜನೆಯ ಫಾರಂ ತುಂಬುವುದನ್ನು ಹೇಳಿಕೊಟ್ಟು ಮುಗಿಸಿದರೆ, ಗಂಟೆಯ ಲೆಕ್ಕ ಸರಿಯಾದೀತು, ಮೇಷ್ಟರ ಕೈಗೆ ಏನೂ ಹತ್ತದು. ಬೇಸಿಗೆಯಾದರೂ ಪೂರ್ತಿ ಅವರ ಕೈಯಲ್ಲಿದೆಯೇ? 2023ರ ಮೇ 10ರಂದು ವಿಧಾನಸಭೆಯ ಮತದಾನ, 2024ರ ಏಪ್ರಿಲ್ 26 ಮತ್ತು ಮೇ 7ರಂದು ಲೋಕಸಭೆಯ ಮತದಾನ. ಎರಡು ಬೇಸಿಗೆಗಳಲ್ಲೂ ಉಪಾಧ್ಯಾಯರು ಮತಗಟ್ಟೆಯಲ್ಲಿದ್ದರು. ಚುನಾವಣೆ, ಜನಗಣತಿ, ವಿಪತ್ತು ಪರಿಹಾರ ಈ ಮೂರಕ್ಕೆ ಉಪಾಧ್ಯಾಯರನ್ನು ಕರೆಯಲು ಕಾಯಿದೆಯೇ ಎಡೆಮಾಡಿಕೊಟ್ಟಿದೆ. ಬೇಡವೆನ್ನಲಾಗದು. ಆದರೆ ಮೇಷ್ಟರಿಗೆ ಎರಡು ತಿಂಗಳು ಸಂಬಳದ ರಜ ಎಂದು ಹೊಟ್ಟೆಯುರಿದುಕೊಳ್ಳುವ ಮುನ್ನ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉಪಾಧ್ಯಾಯಿನಿಯರ ಕಷ್ಟ ಇನ್ನೊಂದು. ಬೇಸಿಗೆಯೆಂದರೆ ಮದುವೆ, ಜಾತ್ರೆ, ನೆಂಟರು, ಹಪ್ಪಳ ಸಂಡಿಗೆ. “ಮೈಸೂರಿಗೆ ಹೋಗಿ ಓದುತ್ತೇನೆ” ಎಂದು ಟೀಚರಮ್ಮ ಮನೆಯಲ್ಲಿ ಬಾಯಿ ಬಿಟ್ಟರೆ, “ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?” ಎಂಬ ಪ್ರಶ್ನೆ ಮೊದಲು ಬರುತ್ತದೆ. ಅಂಥವರಿಗೆ ಹತ್ತಿರದ ಊರಿನಲ್ಲೇ, ಮಗುವನ್ನು ಜೊತೆಗೆ ಕರೆತರಬಹುದಾದ ಏರ್ಪಾಡು ಬೇಕು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ವಿಜ್ಞಾನ, ಗಣಿತದ ಉಪಾಧ್ಯಾಯರಿಗೆ ಪ್ರಯೋಗಸಹಿತ ತರಬೇತಿ ನಡೆಸುತ್ತ ಬಂದಿದ್ದಾರೆ. ಬಯಲು ಸೀಮೆಯ ನಡುವೆ ಇಂಥ ಸ್ಥಳವಿರುವುದು ಸಂತೋಷದ ಸಂಗತಿ. ಪ್ರತಿ ಜಿಲ್ಲೆಗೂ ಒಂದು ಬೇಕು.

ನಿಮ್ಮಿಂದ ಆಗುವುದೇನು? ಪ್ರತಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅದರಲ್ಲಿ ನೀವೇ ಕೂತಿದ್ದೀರಿ. ಬಣ್ಣ, ಕಾಂಪೌಂಡು, ಬಿಸಿಯೂಟದ ಅಕ್ಕಿ ಇವುಗಳ ಜೊತೆಗೆ ಫೆಬ್ರವರಿ ತಿಂಗಳ ಸಭೆಯಲ್ಲಿ ಒಂದು ಮಾತು ಸೇರಿಸಿ: “ಈ ಬೇಸಿಗೆಯಲ್ಲಿ ತಾವು ಯಾವ ವಿಷಯ ಓದಬೇಕೆಂದಿದ್ದೀರಿ ಮೇಷ್ಟರೇ?” ಗದರಿಸಿ ಕೇಳಬೇಡಿ. ನೆಂಟರನ್ನು ಕೇಳುವಂತೆ ಕೇಳಿ. ಕಲಾ ವಿಭಾಗ ಓದಿ ಬಂದು ವಿಜ್ಞಾನದ ಪಾಠ ಹೊತ್ತಿರುವವರು ಸಣ್ಣ ಶಾಲೆಗಳಲ್ಲಿ ಉಂಟು. ತಮಗೆ ಬಾರದ್ದನ್ನು ಊರ ಮುಂದೆ ಹೇಳಿಕೊಳ್ಳಲು ಅವರಿಗೆ ಸಂಕೋಚ. ಬಾರದು ಎಂದವರನ್ನು ನಗೆಗೀಡು ಮಾಡುವ ಊರಿನಲ್ಲಿ ಯಾರೂ ಹೊಸದನ್ನು ಕಲಿಯುವುದಿಲ್ಲ. ತರಬೇತಿಯನ್ನು ಪಾಠದ ದಿನಗಳಲ್ಲಿ ಇಡದೆ ಬೇಸಿಗೆಯಲ್ಲಿ ಒಟ್ಟಾಗಿ, ಪಾಠದ ವಿಷಯದ ಮೇಲೆಯೇ ಇಡಬೇಕೆಂದು ಸಮಿತಿಯ ಠರಾವು ಬರೆದು ಬ್ಲಾಕಿನ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ. ಒಂದು ಊರಿನ ಠರಾವು ಕಡತದಲ್ಲಿ ಮಲಗೀತು. ಮೂವತ್ತು ಊರಿನದು ಬಂದರೆ ಯಾರಾದರೂ ಎತ್ತಿ ಓದಲೇಬೇಕು.

ಮೇಷ್ಟರು ಓದಿ ಬಂದ ಮೇಲೆ ಜೂನ್ ಕೊನೆಯಲ್ಲಿ ಒಂದು ಸಂಜೆ ಶಾಲೆಯಲ್ಲಿ ಸೇರಿ, ಅವರು ಕಲಿತದ್ದರಲ್ಲಿ ಒಂದನ್ನು ನಿಮ್ಮೆದುರು ಮಾಡಿ ತೋರಿಸಲಿ. ಗೊತ್ತಾಗದಿದ್ದರೆ ಕೇಳಿ. ನೀವು ಕೇಳುವುದನ್ನು ಮಕ್ಕಳು ನೋಡಲಿ. ಮುಂಗಾರು ಅಲಸಂದೆ ಹಾಕುವವರು ಶಾಲೆಯ ಹತ್ತಿರದ ಹೊಲದಲ್ಲಿ ಒಂದು ಸಾಲನ್ನು ಮಕ್ಕಳಿಗೆಂದು ಬಿಟ್ಟಿರಿ. ಬಿತ್ತಿ ಐದಾರು ವಾರಕ್ಕೆ ಕಿತ್ತು ನೋಡಲು ಗಂಟು ಸಿದ್ಧವಾಗಿರುತ್ತದೆ. ಹತ್ತು ಗಿಡ ಹೋದೀತು, ಅದಕ್ಕೆ ಬೇಸರಪಡಬೇಡಿ.